ಭಾವ ಕೊಡದ ಮಾತು

ತೊಂಬತ್ತೊಂಬತ್ತು ಕಳೆದು ಎರಡು ಸಾವಿರದ ಇಸವಿ ಬಂದಾಗ ಜಪಾನಿನಲ್ಲಿ ಒಂದು ಲಿಫ್ಟೂ ನಡುವೆ ನಿಲ್ಲಲಿಲ್ಲ, ಒಂದು ರೈಲೂ ದಾರಿ ತಪ್ಪಲಿಲ್ಲ. ಅದಕ್ಕೆ ಕಾರಣ ನಾನು. ಬೇರೆಯವರೂ ಇದ್ದರು ಅನ್ನುತ್ತಾರೆ, ಇರಬಹುದು. ಅವರು ನನಗೆ ಕಾಫಿ ತಂದುಕೊಡುತ್ತಿದ್ದರು. ಕಾವಾಸಾಕಿಯಲ್ಲಿ ಗೋದಾಮಿನಂಥ ಒಂದು ಆಫೀಸಿನಲ್ಲಿ ಕೂತು, ಆ ದೇಶದ ಬ್ಯಾಂಕು, ಆಸ್ಪತ್ರೆ, ಅಣುಸ್ಥಾವರಗಳ ತಾರೀಖುಗಳನ್ನೆಲ್ಲ ಎರಡಂಕಿಯಿಂದ ನಾಲ್ಕಂಕಿಗೆ ಏರಿಸಿದ ಶ್ರೀಪಾದ ಎಂಬವನು ನಾನೇ. ದೇಶದ ಕಡೆಯಿಂದ ಒಂದು ಶಾಲನ್ನಾದರೂ ಹೊದಿಸುತ್ತಾರೆಂದು ಕಾದಿದ್ದೆ. ಯಾರೂ ಬರಲಿಲ್ಲ.

ಇಂಥ ನನಗೆ ಅಕ್ಕನ ಮನೆಯಲ್ಲಿ ಮಲಗಲು ಸಿಕ್ಕ ಜಾಗ ಅಕ್ಕಿ ಮೂಟೆಯ ಪಕ್ಕ. ಮನೆ ಎನ್ನುವುದೂ ಹೆಚ್ಚಾಯಿತು. ನಮ್ಮ ಮೈಸೂರಿನ ಹಿತ್ತಿಲಲ್ಲಿ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆ ಅದಕ್ಕಿಂತ ದೊಡ್ಡದು, ಎಮ್ಮೆಗೆ ಅದು ಸಾಲದೆಂದು ದೂರೂ ಇತ್ತು. ಅದರೊಳಗೆ ಅಕ್ಕ ಕೋಕಿಲಾ, ಭಾವ ಹರಿಪ್ರಸಾದ, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಅವರ ಮಗಳು ಇಂದು, ಭಾವನ ತಾಯಿ ವಿಶಾಲಾಕ್ಷಮ್ಮ, ಮತ್ತು ನಾನು. ವಿಶಾಲಾಕ್ಷಮ್ಮನವರು ಮೂರು ತಿಂಗಳಿಗೆಂದು ಬಂದು ಅಲ್ಲೇ ಉಳಿದವರು. ಜಪಾನಿನ ಮೊಸರು ಹುಳಿಯಾಗುವುದಿಲ್ಲ ಎಂದು ಬಂದ ದಿನ ಕಂಡುಹಿಡಿದರು. ಅದನ್ನು ಪ್ರತಿ ಊಟದಲ್ಲೂ ಹೊಸದಾಗಿ ಕಂಡುಹಿಡಿಯುತ್ತಿದ್ದರು.

ಭಾವ ಆ ದೇಶಕ್ಕೆ ಬಂದು ಎಂಟು ವರ್ಷವಾಗಿತ್ತು. ಎಂಟು ವರ್ಷದಲ್ಲಿ ಗಿಳಿಯಾದರೂ ನಾಲ್ಕು ಮಾತು ಕಲಿಯುತ್ತದೆ. ಭಾವ ಕ್ಷಮಿಸಿ ಎನ್ನಲು ಸುಮಿಮಾಸೆನ್, ಉಪಕಾರವಾಯಿತು ಎನ್ನಲು ಅರಿಗಾತೋ ಎಂಬ ಎರಡಕ್ಕೆ ನಿಂತಿದ್ದರು. ಆಫೀಸಿನಲ್ಲಿ ಇಂಗ್ಲಿಷ್ ಬರುವ ಸೆಕ್ರೆಟರಿ ಇದ್ದಳು, ಮನೆಯಲ್ಲಿ ಇಂದು ಇದ್ದಳು. ಒಂಬತ್ತು ವರ್ಷದ ಹುಡುಗಿಯಾಗಿ ಬಂದವಳು ಆರು ತಿಂಗಳಲ್ಲಿ ಆ ಮನೆಯ ನಾಲಿಗೆಯಾಗಿದ್ದಳು. ಗ್ಯಾಸಿನವನು, ಡಾಕ್ಟರು, ವೀಸಾ ಆಫೀಸು, ಕೆಳಗಿನ ಮನೆಯ ಮುದುಕಿ ಕಸದ ವಿಷಯಕ್ಕೆ ತೆಗೆಯುವ ಜಗಳ, ಎಲ್ಲ ಅವಳ ಬಾಯಿಂದಲೇ ಹಾದುಹೋಗಬೇಕು. ಭಾವ ಕನ್ನಡದಲ್ಲಿ ಬೈಯುವರು, ಅವಳು ಜಪಾನೀಸಿನಲ್ಲಿ ಬಾಗುವಳು. ಹೀಗೆ ಭಾವನಿಗೆ ಊರಲ್ಲೆಲ್ಲ ಸಂಭಾವಿತರೆಂಬ ಹೆಸರು ಬಂದಿತ್ತು.

ಆ ಹುಡುಗಿಯ ಶಾಲೆ ಕಾವಾಸಾಕಿಯ ಅಂಚಿನ ಸರ್ಕಾರಿ ಹೈಸ್ಕೂಲು. ಬ್ರೆಜಿಲ್‌ನಿಂದ ಬಂದ ಕಾರ್ಖಾನೆಯವರ ಮಕ್ಕಳು, ಕೊರಿಯಾದವರು, ಚೀನಾದವರು, ಫಿಲಿಪೈನ್ಸಿನವರು, ನಡುನಡುವೆ ಜಪಾನಿನವರೂ ಓದುತ್ತಿದ್ದರು. ಭಾವ ಅದನ್ನು ಧರ್ಮಛತ್ರ ಎನ್ನುತ್ತಿದ್ದರು. ಅವರ ಹೊಟ್ಟೆಯುರಿ ಬೇರೆ ಕಡೆ ಇತ್ತು. ಟೋಕಿಯೋದ ನಿಶಿ ಕಸಾಯಿಯಲ್ಲಿ ಆಗ ತಾನೇ ನಮ್ಮವರು ಗುಂಪು ಸೇರತೊಡಗಿದ್ದರು. ಅಲ್ಲಿ ಜಯಪ್ರಕಾಶ ಎಂಬ ಇವರ ಹಳೆಯ ಸಹಪಾಠಿ ಇದ್ದ. ಅವನ ಮಗ ಆಶಿಷ್ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಓದಿ ಅಮೆರಿಕಕ್ಕೆ ಕಂಪ್ಯೂಟರ್ ಕಲಿಯಲು ಹೊರಟಿದ್ದ. ಆಶಿಷ್ ಎಂಬವನು ನನ್ನ ಕಣ್ಣೆದುರೇ ಬಾಳೆಹಣ್ಣನ್ನು ತಪ್ಪು ತುದಿಯಿಂದ ಸುಲಿದವನು. ಆದರೂ ಭಾವನಿಗೆ, ಅವನು ಹೋದರೆ ಇಂದುವೂ ಹೋಗಬೇಕು.

ತೊಂಬತ್ತೊಂಬತ್ತರ ಸೆಪ್ಟೆಂಬರಿನ ಒಂದು ಸಂಜೆ ಊಟಕ್ಕೆ ಕೂತಾಗ ಇಂದು ಬಾಯಿ ತೆಗೆದಳು.

"ಅಪ್ಪಾ, ನಮ್ಮ ಸ್ಕೂಲಿಗೆ ಟೋಕಿಯೋದ ಒಂದು ಯೂನಿವರ್ಸಿಟಿಯಿಂದ ಸೀಟು ಬಂದಿದೆ. ಆರ್ಕಿಟೆಕ್ಚರ್. ಒಬ್ಬರನ್ನೇ ತಗೋತಾರೆ, ಎಂಟ್ರೆನ್ಸ್ ಇಲ್ಲ. ನಮ್ಮ ಕ್ಲಾಸ್ ಸೆನ್ಸೇ ನನ್ನ ಹೆಸರು ಕಳಿಸ್ತೀನಿ ಅಂದ್ರು."

"ಎಂಟ್ರೆನ್ಸ್ ಇಲ್ಲ ಅಂದ್ರೆ ಡಬ್ಬಾ ಕಾಲೇಜು."

"ಡಬ್ಬಾ ಅಲ್ಲ. ಮೂರು ವರ್ಷದ ಮಾರ್ಕ್ಸ್ ನೋಡ್ತಾರೆ. ನನಗೂ ಲೂಸಿಯಾಗೂ ತುಂಬಾ ಕ್ಲೋಸ್ ಇತ್ತು, ನಾನು ಸ್ವಲ್ಪ ಮೇಲೆ."

ಲೂಸಿಯಾ ಮಿಯಾಶಿರೋ ಇವಳ ತರಗತಿಯ, ಜಪಾನೀ ಮೂಲದ ಬ್ರೆಜಿಲ್ ಹುಡುಗಿ.

ಭಾವ ಹಪ್ಪಳ ಮುರಿದರು. "ಆರ್ಕಿಟೆಕ್ಚರ್ ಅಂದ್ರೆ ಇಟ್ಟಿಗೆ ಲೆಕ್ಕ ಹಾಕೋದು. ಜಗತ್ತೆಲ್ಲ ಡಾಟ್ ಕಾಮ್ ಅಂತಿರುವಾಗ ಇವಳು ಗಾರೆ ಕೆಲಸಕ್ಕೆ ಹೋಗ್ತಾಳಂತೆ. ಕೇಳಿಸ್ಕೊಂಡ್ಯಾ ಅಮ್ಮ?"

"ಕಲೀಲಿ ಬಿಡೋ," ಎಂದರು ವಿಶಾಲಾಕ್ಷಮ್ಮ. "ಈ ಮನೆ ಕಟ್ಟಿದೋನು ಕಲಿತಿರಲಿಲ್ಲ. ಬಚ್ಚಲಲ್ಲಿ ಸೊಂಟ ತಿರುಗಿಸಕ್ಕಾಗಲ್ಲ."

"ಆದ್ರೆ ಅಪ್ಪ, ಒಂದು ಕಂಡೀಶನ್," ಎಂದಳು ಇಂದು. "ತಗೊಂಡ್ರೆ ಹೋಗ್ಲೇಬೇಕು. ಆಮೇಲೆ ಬೇಡ ಅನ್ನಂಗಿಲ್ಲ. ಹಾಗಂದ್ರೆ ಮುಂದಿನ ವರ್ಷದಿಂದ ನಮ್ಮ ಸ್ಕೂಲಿಗೆ ಸೀಟೇ ಕೊಡಲ್ಲ. ಜೂನಿಯರ್ಸಿಗೆ ಸಿಗೋದು ತಪ್ಪಿಹೋಗುತ್ತೆ."

ಭಾವ ನಕ್ಕರು. ಆ ನಗೆಯನ್ನು ನಾನು ಎರಡು ಖಂಡಗಳಲ್ಲಿ ಕೇಳಿದ್ದೇನೆ. ಕತ್ತೆಗೆ ಎಂಜಿನಿಯರಿಂಗ್ ಡಿಗ್ರಿ ಕೊಟ್ಟರೆ ಹಾಗೆ ನಗಬಹುದು. "ಹಾಗಂತ ಹೆದರಿಸ್ತಾರೆ ಅಷ್ಟೇ. ಮೆಜೆಸ್ಟಿಕ್‌ನಲ್ಲಿ ಬಸ್ ಬಂದ್ರೆ ಏನು ಮಾಡ್ತೀವಿ? ಕಿಟಕಿಯಿಂದ ಟವೆಲ್ ಹಾಕ್ತೀವಿ. ಇನ್ನೊಂದು ಒಳ್ಳೆ ಬಸ್ ಬಂದ್ರೆ ಟವೆಲ್ ತಗೊಂಡು ಇಳೀತೀವಿ. ನಾನು ಮೂರು ಕಾಲೇಜಲ್ಲಿ ಸೀಟು ಹಿಡಿದು ಎರಡು ಬಿಟ್ಟೆ. ಯಾರು ಜೈಲಿಗೆ ಹಾಕಿದ್ರು? ಟವೆಲ್ ಹಾಕಿಡೋಣ. ಅಮೆರಿಕ ಬಂದ್ರೆ ಅಮೆರಿಕ, ಇಲ್ಲಾಂದ್ರೆ ಇಟ್ಟಿಗೆ."

"ಇಲ್ಲಿ ಹಾಗೆ ಮಾಡಲ್ಲ ಅಪ್ಪ."

"ಇಲ್ಲಿ ಏನೇನು ಮಾಡಲ್ಲ ಅಂತ ಎಂಟು ವರ್ಷದಿಂದ ಕೇಳ್ತಾ ಇದೀನಿ. ಸಾರು ಹಾಕೇ ಕೋಕಿಲಾ."

ಅಕ್ಕ ಸಾರು ಹಾಕಿದಳು. ಅಕ್ಕನ ಕೈ ಆಗ ಸದಾ ನಿಂಬೆಹಣ್ಣಿನ ವಾಸನೆ ಹೊಡೆಯುತ್ತಿತ್ತು. ಹಗಲು ಹೊತ್ತು ಅವಳು ಸ್ಟೇಷನ್ ಹಿಂದಿನ ಕಾರ್ಖಾನೆಯೊಂದರಲ್ಲಿ ಊಟದ ಡಬ್ಬಿಗಳಿಗೆ ಹುರಿದ ಮೀನಿನ ತುಂಡು ಇಡುವ ಕೆಲಸ ಮಾಡುತ್ತಿದ್ದಳು. ಈರುಳ್ಳಿ ಮುಟ್ಟಿದರೆ ಕೈ ತೊಳೆಯುವ ಮನೆತನದವಳು. ಅತ್ತೆಗೆ ಆಫೀಸು ಎಂದು ಹೇಳಿಟ್ಟಿದ್ದರು. ನಿಶಿ ಕಸಾಯಿಯವರಿಗೆ ಭಾವ, ಕೋಕಿಲಾ ಇಂಗ್ಲಿಷ್ ಪಾಠ ಹೇಳುತ್ತಾಳೆ ಎಂದಿದ್ದರು. ಸಾಲಿನಲ್ಲಿ ಅವಳ ಪಕ್ಕ ನಿಂತು ಉಪ್ಪಿನಕಾಯಿ ಇಡುತ್ತಿದ್ದವಳು ಆ ಲೂಸಿಯಾಳ ತಾಯಿ, ರೋಸಾ.

ಅಕ್ಟೋಬರಿನಲ್ಲಿ ಶಾಲೆಯಿಂದ ಕರೆ ಬಂತು. ಅಲ್ಲಿ ಕೊನೆಯ ವರ್ಷದಲ್ಲಿ ಮೇಷ್ಟ್ರು, ವಿದ್ಯಾರ್ಥಿ, ಪೋಷಕರು ಮೂವರೂ ಎದುರುಬದುರು ಕೂತು ಮುಂದಿನ ಓದು ತೀರ್ಮಾನಿಸುವ ಪದ್ಧತಿ. ಅಕ್ಕನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಭಾವ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು.

"ಭಾವ, ಮಾತು ನಾನು ಆಡ್ತೀನಿ," ಎಂದೆ. ನನ್ನ ಜಪಾನೀಸ್ ಕೇಳಿ ಟೋಕಿಯೋದ ರೇಡಿಯೋದವರು ಕೆಲಸ ಬಿಡುವುದೊಂದು ಬಾಕಿ ಇತ್ತು.

"ನೀನು ಒಂದಕ್ಕೆ ಹತ್ತು ಸೇರಿಸ್ತೀಯ. ಮಗು ಹೇಳ್ಲಿ. ನೀನು ಸುಮ್ಮನೆ ಕೂತ್ಕೋ."

ಕೂತೆ. ಕುರಿಹಾರಾ ಸೆನ್ಸೇ ಎಂಬ ಆ ಮೇಷ್ಟ್ರು ಬಿದಿರಿನ ಕಡ್ಡಿಗೆ ಕೋಟು ತೊಡಿಸಿದಂತಿದ್ದರು. ಸೀಟಿನ ನಿಯಮವನ್ನು ನಿಧಾನವಾಗಿ, ಎರಡು ಸಲ ಹೇಳಿದರು. ಇಂದು ಒಂದಕ್ಷರ ಬಿಡದೆ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಸೆನ್ಸೇ ಭಾವನ ಕಡೆ ತಿರುಗಿ, ಸೀಟು ಸಿಕ್ಕರೆ ಮಗಳನ್ನು ಖಂಡಿತ ಕಳಿಸುತ್ತೀರಾ ಎಂದು ಕೇಳಿದರು.

ಭಾವ ಮುಖದ ತುಂಬ ವಿನಯ ತುಂಬಿಕೊಂಡು, ಕೈ ಮುಗಿದು, ಕನ್ನಡದಲ್ಲಿ ಹೇಳಿದರು. "ಸದ್ಯಕ್ಕೆ ಟವೆಲ್ ಹಾಕ್ತೀವಿ ಅಂತ ಹೇಳಮ್ಮ. ಮುಂದಿಂದು ಮುಂದೆ. ಈ ಡಬ್ಬಾ ಸ್ಕೂಲಿಗೆ ಯಾರು ಉತ್ತರ ಕೊಡಬೇಕು."

ಇಂದು ಸೆನ್ಸೇ ಕಡೆ ತಿರುಗಿದಳು. ಆಮೇಲೆ ಜಪಾನೀಸಿನಲ್ಲಿ ಅಂದಳು. "ನಮ್ಮ ತಂದೆ ಹೇಳುತ್ತಿದ್ದಾರೆ, ತುಂಬಾ ಉಪಕಾರವಾಯಿತು. ಖಂಡಿತ ಕಳಿಸುತ್ತೇನೆ, ಮಾತು ಕೊಡುತ್ತೇನೆ."

ಕುರಿಹಾರಾ ಸೆನ್ಸೇ ಎದ್ದು ಬಾಗಿದರು. ಭಾವನೂ ಎದ್ದು ಬಾಗಿದರು. ಇಬ್ಬರೂ ತಮಗೆ ಬೇಕಾದ್ದು ಸಿಕ್ಕಿತೆಂದು ಬಾಗಿದರು. ನಾನು ನೋಡಿದೆ. ಹುಡುಗಿ ನನ್ನ ಕಡೆ ನೋಡಿದಳು. ಬಾಯಿಬಿಟ್ಟರೆ ಆಟ ಕೆಡುತ್ತಿತ್ತು. ನಾನು ಕಿಟಕಿಯಾಚೆ ಫುಟ್‌ಬಾಲ್ ಆಡುತ್ತಿದ್ದ ಹುಡುಗರನ್ನು ನೋಡತೊಡಗಿದೆ. ಕಳ್ಳಿ, ಅಪ್ಪನ ಬಾಯಲ್ಲಿ ತನ್ನ ಮಾತು ಇಟ್ಟು ಅಪ್ಪನನ್ನೇ ಕಟ್ಟಿಹಾಕಿದ್ದಳು.

ಡಿಸೆಂಬರ್ ಮೊದಲಲ್ಲಿ ಸೀಟು ಖಚಿತವಾಯಿತು. ಅಕ್ಕ ಪಾಯಸ ಮಾಡಿದಳು. ಭಾವ ಎರಡು ಬಟ್ಟಲು ಕುಡಿದು, "ಟವೆಲ್ ಬಿತ್ತು," ಎಂದರು. ಇಂದು ಎರಡು ವಾರ ಆ ಮನೆಯಲ್ಲಿ ಹಾಡಿಕೊಂಡು ಪಾತ್ರೆ ತೊಳೆದಳು. ಹಾಡು ಕೇಳಿ ಕೆಳಗಿನ ಮುದುಕಿ ಕಸದ ಜಗಳವನ್ನೂ ಮರೆತಳು.

ಅಷ್ಟರಲ್ಲಿ, ಭಾವ ಇಂದುವಿನ ಹೆಸರಲ್ಲಿ ಅರ್ಜಿ ಹಾಕಿಸಿದ್ದ ಅಮೆರಿಕದ ಕಾಲೇಜಿನಿಂದ ಲಕೋಟೆ ಬಂತು. ಸೀಟು ಕೊಟ್ಟಿದ್ದರು, ಕಂಪ್ಯೂಟರಿಗೆ. ಭಾವ ಲಕೋಟೆಯನ್ನು ದೇವರ ಮುಂದೆ ಇಟ್ಟು, ಜಯಪ್ರಕಾಶನಿಗೆ ಫೋನ್ ಮಾಡಿ, ಆಮೇಲೆ ದೇವರಿಗೆ ಕೈ ಮುಗಿದರು. ಮಾರನೆಯ ದಿನ ಆಫೀಸಿನ ಸೆಕ್ರೆಟರಿಯ ಕೈಲಿ ಶಾಲೆಗೆ ಫೋನ್ ಮಾಡಿಸಿದರು: ಸೀಟು ಬೇಡ, ಬೇರೆ ಯಾರಿಗಾದರೂ ಕೊಟ್ಟುಕೊಳ್ಳಿ.

ಸಂಜೆ ಅವರು ಮನೆಗೆ ಬಂದಾಗ ಶೂಸನ್ನೂ ಬಿಚ್ಚಿರಲಿಲ್ಲ. ಆ ದೇಶದಲ್ಲಿ ಚಾಪೆಯ ಮೇಲೆ ಶೂಸು ಹಾಕಿ ನಿಂತರೆ ಕೊಲೆಗಿಂತ ಕಡೆ.

"ನಾನು ಯಾವಾಗ ಮಾತು ಕೊಟ್ಟೆ?"

ಅಕ್ಕ ಚಪಾತಿ ಲಟ್ಟಿಸುತ್ತಿದ್ದಳು. "ಯಾರಿಗೆ?"

"ಆ ಸ್ಕೂಲಿನೋರಿಗೆ. ನೀವೇ ಮಾತು ಕೊಟ್ಟಿದೀರಲ್ಲ ಅಂತಾರಂತೆ. ಸೆಕ್ರೆಟರಿ ಮುಂದೆ ನನ್ನ ಮಾನ ಹೋಯ್ತು. ಇಂದೂ, ಬಾ ಇಲ್ಲಿ. ಏನು ಹೇಳಿದ್ಯೇ ಅವತ್ತು?"

ಇಂದು ಬಂದಳು. "ಮಾತು ಕೊಡ್ತೀವಿ ಅಂತ ಹೇಳಿದೆ."

"ನಾನು ಹಾಗಂದ್ನಾ?"

"ಇಲ್ಲ. ನೀವಂದಿದ್ದು ಹೇಳಿದ್ರೆ ಅವರು ಅಲ್ಲೇ ಲೂಸಿಯಾಗೆ ಕೊಟ್ಬಿಡ್ತಿದ್ರು."

"ಕೊಟ್ರೆ ಕೊಡ್ಲಿ. ಈಗ್ಲೂ ಆ ಬ್ರೆಜಿಲ್ ಹುಡುಗಿಗೇ ಕೊಡ್ಲಿ."

"ಈಗ ಕೊಡಕ್ಕಾಗಲ್ಲ ಅಪ್ಪ. ಡೇಟ್ ಮುಗೀತು. ನಾನು ಬಿಟ್ರೆ ಯಾರಿಗೂ ಇಲ್ಲ. ಮುಂದಿನ ವರ್ಷ ಅವಳ ತಂಗಿ ಅದಕ್ಕೇ ಓದ್ತಾ ಇದಾಳೆ, ಅವಳಿಗೂ ಇಲ್ಲ."

"ಕಾರ್ಖಾನೆಯೋರ ಮಕ್ಕಳಿಗೋಸ್ಕರ ನಿನ್ನ ಭವಿಷ್ಯ ಹಾಳು ಮಾಡ್ಕೋತೀಯಾ?"

ಅಕ್ಕನ ಲಟ್ಟಣಿಗೆ ನಿಂತಿತು. "ರೀ," ಎಂದಳು, "ನಾನೂ ಕಾರ್ಖಾನೆಯೋಳೇ."

"ಶ್, ಅಮ್ಮ ಇದಾರೆ."

"ನನಗೆ ಗೊತ್ತಿಲ್ವೇನೋ," ಎಂದರು ವಿಶಾಲಾಕ್ಷಮ್ಮ ಒಳಗಿನಿಂದ. "ಯಾವ ಆಫೀಸಿಂದ ಮೀನು ವಾಸನೆ ಬರುತ್ತೆ? ಬಂದ ವಾರವೇ ಗೊತ್ತಾಯ್ತು. ಪಾಪ ಅವಳು ನಿಂಬೆಹಣ್ಣು ಉಜ್ಜಿ ಉಜ್ಜಿ ಕೈಯೆಲ್ಲ ಬಿರುಕು ಬಿಟ್ಕೊಂಡಿದಾಳೆ. ಅದಿರಲಿ, ನಂಗೆ ಬಿಡಿಸಿ ಹೇಳಿ. ಅವರು ಕೊಟ್ರು, ನೀವು ಒಪ್ಪಿದ್ರಿ. ಈಗ ಇನ್ನೊಂದು ಕಡೆಯೋರು ಬಂದ್ರು ಅಂತ ಬೇಡ ಅಂತೀರಿ. ತಾಂಬೂಲ ಬದಲಾಯಿಸಿದ ಮೇಲೆ ಹುಡುಗೀನ ವಾಪಸ್ ತಗೊಂಡ ಹಾಗಾಯ್ತಲ್ಲೋ."

"ಅಮ್ಮ, ಇದು ಮದುವೆ ಅಲ್ಲ, ಕಾಲೇಜು."

"ಮದುವೆಯಾದ್ರೆ ಎರಡು ಮನೆ ಕೆಡುತ್ತೆ. ಇದ್ರಲ್ಲಿ ಒಂದು ಸ್ಕೂಲೇ ಕೆಡುತ್ತಂತಲ್ಲ."

"ಇವಳು ಸುಳ್ಳು ಹೇಳಿದ್ದು?"

"ಹೇಳಿದ್ದು ತಪ್ಪು," ಎಂದಳು ಅಕ್ಕ. "ಇಂದೂ, ತಪ್ಪು ಕಣೇ. ಆದ್ರೆ ಬಿಡ್ತೀನಿ ಅಂದ್ಕೊಂಡೇ ನೀವು ತಗೊಂಡಿದ್ದು ಏನ್ರೀ? ಅದಕ್ಕೇನಂತಾರೆ?"

"ಅದು ಪ್ಲಾನಿಂಗ್," ಎಂದರು ಭಾವ.

ಚಪಾತಿ ಹೊತ್ತಿತು. ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ; ಉಳಿದದ್ದನ್ನೆಲ್ಲ ನಾನೊಬ್ಬನೇ ತಿಂದು ಮುಗಿಸಿ ಮನೆಯ ಮರ್ಯಾದೆ ಕಾಪಾಡಿದೆ.

ಮುಂದಿನ ದಿನಗಳು ಕೆಟ್ಟವು. ಭಾವ ಇಂದುವಿನೊಡನೆ ಮಾತು ಬಿಟ್ಟರು, ಆದರೆ ಟೆಲಿಫೋನ್ ಬಿಲ್ಲು ಓದಿಸಲು ಮಾತ್ರ ನನ್ನ ಮೂಲಕ ಕಳಿಸುತ್ತಿದ್ದರು. ಅಕ್ಕ ಕಾರ್ಖಾನೆಯಿಂದ ಮುಖ ಬಾಡಿಸಿಕೊಂಡು ಬರುತ್ತಿದ್ದಳು.

"ರೋಸಾ ಏನಾದ್ರೂ ಅಂದ್ಲಾ ಅಕ್ಕ?"

"ಏನೂ ಅನ್ನಲ್ಲ ಕಣೋ. ಇಂದೂಗೆ ಸೀಟು ಸಿಕ್ಕಿದ ದಿನ ನನ್ನ ತಬ್ಕೊಂಡಿದ್ಲು. ಪರವಾಗಿಲ್ಲ, ಲೂಸಿಯಾ ಫೆಬ್ರವರೀಲಿ ಪರೀಕ್ಷೆ ಬರೀತಾಳೆ, ಚಿಕ್ಕವಳಿಗೆ ಮುಂದಿನ ವರ್ಷ ಇದ್ದೇ ಇದ್ಯಲ್ಲ ಅಂದಿದ್ಲು. ಈಗ ನಾನು ಅವಳ ಪಕ್ಕ ನಿಂತು ಮೀನು ಇಡ್ತೀನಿ. ಏನಂತ ಹೇಳ್ಲಿ?"

ಕ್ರಿಸ್‌ಮಸ್ ಹಿಂದಿನ ಭಾನುವಾರ ಬೆಲ್ಲು ಹೊಡೆಯಿತು. ಕುರಿಹಾರಾ ಸೆನ್ಸೇ, ಅವರ ಜೊತೆ ಶಾಲೆಯ ಉಪಮುಖ್ಯೋಪಾಧ್ಯಾಯರು. ಇಬ್ಬರೂ ಕಪ್ಪು ಸೂಟು. ಕೈಯಲ್ಲಿ ರೇಷ್ಮೆಯಂಥ ಬಟ್ಟೆಯಲ್ಲಿ ಸುತ್ತಿದ ಕೇಕಿನ ಡಬ್ಬಿ. ಒಳಗೆ ಬಂದವರು ಕುರ್ಚಿ ಒಲ್ಲೆವೆಂದು ಚಾಪೆಯ ಮೇಲೆ ಮಂಡಿಯೂರಿ ಕೂತರು.

"ಪುರೋಹಿತರ ಹಾಗೆ ಕೂತರಲ್ಲ," ಎಂದು ವಿಶಾಲಾಕ್ಷಮ್ಮ ಮೆಚ್ಚುತ್ತಿದ್ದಂತೆಯೇ ಇಬ್ಬರೂ ಎರಡು ಕೈ ನೆಲಕ್ಕೂರಿ ಹಣೆಯನ್ನು ಚಾಪೆಗೆ ಹಚ್ಚಿದರು. ಮುದುಕಿ ಬೆಚ್ಚಿದರು. ಆದರೆ ಎಪ್ಪತ್ತು ವರ್ಷದ ಅಭ್ಯಾಸ. ಎರಡೂ ತಲೆಗಳ ಮೇಲೆ ಕೈಯಿಟ್ಟು, "ದೀರ್ಘಾಯುಷ್ಮಾನ್ ಭವ," ಎಂದರು.

ಉಪಮುಖ್ಯೋಪಾಧ್ಯಾಯರು ಏಳುವುದೋ ಬೇಡವೋ ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದರು.

"ಏನಂತಾರೋ ಶ್ರೀಪಾದ?" ಎಂದು ಭಾವ ಕೇಳಿದರು. ಇಂದುವಿನ ಅನುವಾದ ಇನ್ನು ನಡೆಯದು ಎಂದು ಅವರು ಮೊದಲೇ ಹೇಳಿದ್ದರು.

"ನಮ್ಮಿಂದ ತೊಂದರೆಯಾಯ್ತು, ವಿವರಿಸಿ ಹೇಳೋದ್ರಲ್ಲಿ ನಾವು ಸೋತೆವು, ಕ್ಷಮಿಸಬೇಕು ಅಂತಿದಾರೆ," ಎಂದೆ. ಎದೆ ಬಗೆದು ತೋರಿಸುತ್ತೇವೆ ಎಂಬುದೊಂದನ್ನು ನಾನು ಸೇರಿಸಿದೆ, ಸಂದರ್ಭಕ್ಕೆ ಒಪ್ಪುತ್ತಿತ್ತು.

ಭಾವನ ಮುಖ ಅರಳಿತು. "ನೋಡಿದ್ಯಾ ಅಮ್ಮ? ತಪ್ಪಾಯ್ತು ಅಂತ ಮನೆಗೇ ಬಂದು ಕಾಲಿಗೆ ಬಿದ್ರು. ನಾನು ಹೇಳ್ಲಿಲ್ವಾ, ಜೋರು ಮಾಡಿದ್ರೆ ದಾರಿಗೆ ಬರ್ತಾರೆ ಅಂತ." ಬೇರೆಯವರ ವಿನಯವನ್ನು ತನ್ನ ಗೆಲುವೆಂದು ತಿಳಿಯುವುದರಲ್ಲಿ ನಮ್ಮ ಭಾವನಿಗೆ ಏಷ್ಯಾ ಖಂಡದಲ್ಲಿ ಸಮಾನರಿರಲಿಲ್ಲ.

ಆಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದರು. "ಈಗ ಹೇಳು ಅವರಿಗೆ. ನಾನು ಮಾತೇ ಕೊಟ್ಟಿಲ್ಲ. ಹುಡುಗಿ ಸುಳ್ಳು ಹೇಳಿದ್ದು. ಅಲ್ಲಿಗೆ ಮುಗೀತು, ಸೀಟು ಕ್ಯಾನ್ಸಲ್."

"ರೀ, ಅದೊಂದು ಹೇಳಿಸ್ಬೇಡಿ," ಎಂದಳು ಅಕ್ಕ. ಹುಡುಗಿ ನಂಬಿಕಸ್ಥಳೆಂದು ಶಾಲೆ ಬರೆದುಕೊಟ್ಟ ಮೇಲೆ ಬಂದ ಸೀಟು ಅದು. ಮೇಷ್ಟ್ರನ್ನೇ ವಂಚಿಸಿದಳೆಂದರೆ ಸೀಟೂ ಹೋಗುತ್ತದೆ, ಓದು ಮುಗಿಯುವ ಮಾರ್ಚಿನವರೆಗೆ ಆ ಶಾಲೆಯಲ್ಲಿ ಅವಳು ತಲೆಯೆತ್ತುವಂತೆಯೂ ಇಲ್ಲ. ಇಷ್ಟು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

"ಹೇಳೋ," ಎಂದರು ಭಾವ.

ಹುಟ್ಟಿದಾಗಿನಿಂದ ನಿಲ್ಲದ ನನ್ನ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿತು.

"ಬೇಡ ಮಾವ," ಎಂದಳು ಇಂದು. ಅಡುಗೆಮನೆಯಿಂದ ಬಂದು ಮೇಷ್ಟ್ರ ಎದುರಿಗೆ ಮಂಡಿಯೂರಿದಳು. "ನಾನೇ ಹೇಳ್ತೀನಿ. ಈ ಸಲ ಪೂರ್ತಿ ಹೇಳ್ತೀನಿ."

ಹೇಳಿದಳು. ಅಕ್ಟೋಬರಿನಲ್ಲಿ ಅಪ್ಪ ಅಂದದ್ದು ಇದು, ನಾನು ನಿಮಗೆ ಹೇಳಿದ್ದು ಇದು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟಳು. ಒಳ್ಳೆಯ, ಬಾಗಿದ, ಹೂವಿನಂಥ ಜಪಾನೀಸಿನಲ್ಲಿ ಡಬ್ಬಾ ಸ್ಕೂಲು ಎಂದಳು. ಧರ್ಮಛತ್ರ ಎಂದಳು. ಕಾರ್ಖಾನೆಯವರ ಮಕ್ಕಳು ಎಂದಳು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವ ವಿಚಾರವನ್ನೂ ಬಿಡಲಿಲ್ಲ.

"ಬಸ್ಸಿನೊಳಗೆ ಟವೆಲ್ ಯಾಕೆ?" ಎಂದು ಉಪಮುಖ್ಯೋಪಾಧ್ಯಾಯರು ನಿಜವಾಗಿಯೂ ತಿಳಿಯದೆ ಕೇಳಿದರು.

"ಹೋಗುವ ಉದ್ದೇಶ ಇಲ್ಲದಿದ್ದರೂ ಜಾಗ ತನ್ನದಾಗಿರಲಿ ಎಂದು," ಎಂದು ಇಂದು ವಿವರಿಸಿದಳು.

"ಏನು ಅಷ್ಟುದ್ದ ಹೇಳ್ತಾ ಇದಾಳೆ?" ಎಂದರು ಭಾವ.

"ನೀವಂದಿದ್ದೇ ಭಾವ," ಎಂದೆ. "ಒಂದೂ ಸೇರಿಸ್ತಿಲ್ಲ."

ಭಾವ ಕಾಲು ಕೆಳಗಿಳಿಸಿದರು.

ಇಂದು ಕೊನೆಗೆ ಅಂದಳು. "ಮಾತು ಕೊಟ್ಟದ್ದು ತಂದೆಯಲ್ಲ, ನಾನು. ಸುಳ್ಳು ನನ್ನದು. ಮಾತೂ ನನ್ನದೇ, ಅದನ್ನು ಉಳಿಸಿಕೊಳ್ಳುವ ಆಸೆ ಇದೆ. ಸುಳ್ಳು ಹೇಳಿದವಳು ಹೋಗಬಾರದು ಎಂದರೆ ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಲೂಸಿಯಾಳ ತಂಗಿ, ಚಿಕ್ಕ ಮಿಯಾಶಿರೋಗೆ ಶಿಕ್ಷೆಯಾಗದಿರಲಿ."

 ವಿಶಾಲಾಕ್ಷಮ್ಮ ಎಲ್ಲರ ಮುಂದೆ ಕಾಫಿ ಲೋಟ ಇಟ್ಟು ಹೋದರು. ಆಮೇಲೆ ಸೆನ್ಸೇ ತಪ್ಪು ತಮ್ಮದೇ ಎಂದರು. ಮಗುವಿನ ಭವಿಷ್ಯ ತೀರ್ಮಾನಿಸುವ ಮಾತುಕತೆಗೆ ಆ ಮಗುವಿನಿಂದಲೇ ಅನುವಾದ ಮಾಡಿಸಬಾರದಿತ್ತು. ಅವತ್ತಿನ ಸಭೆ ಸಭೆಯೇ ಅಲ್ಲ. ಇವತ್ತು ಮಾಡೋಣ. ಅನುವಾದ ಸೋದರಮಾವ ಮಾಡಲಿ.

"ಮಾವ, ಏನೂ ಸೇರಿಸ್ಬೇಡಿ," ಎಂದಳು ಇಂದು.

ನಾನು ಸೇರಿಸಲಿಲ್ಲ. ಅದು ತಾರೀಖು ತಿದ್ದುವ ವೈಟುಕೆಗಿಂತ ಕಷ್ಟದ ಕೆಲಸ.

ಸೆನ್ಸೇ ಮೊದಲಿನಿಂದ ಶುರು ಮಾಡಿದರು. ನಿಯಮ ಎರಡು ಸಲ ಹೇಳಿದರು. ಆಮೇಲೆ ಭಾವನನ್ನು ಕೇಳಿದರು: ಮಗಳನ್ನು ಖಂಡಿತ ಕಳಿಸುತ್ತೀರಾ?

"ಇಲ್ಲ ಅಂದ್ರೆ ಏನಾಗುತ್ತೆ ಕೇಳು," ಎಂದರು ಭಾವ.

ಉತ್ತರ ಕೊಟ್ಟದ್ದು ಉಪಮುಖ್ಯೋಪಾಧ್ಯಾಯರು. ಹುಡುಗಿಯ ಮೇಲೆ ಯಾವ ಅಪವಾದವನ್ನೂ ಹೊರಿಸುವುದಿಲ್ಲ. ನಾಳೆಯೇ ತಾವಿಬ್ಬರೂ ಯೂನಿವರ್ಸಿಟಿಗೆ ಹೋಗಿ ತಲೆಬಾಗಿ, ಪೋಷಕರ ನಿರ್ಧಾರದಿಂದ ಹೀಗಾಯಿತು ಎಂದು ನಿಮ್ಮ ಹೆಸರು ಹೇಳಿ ಕ್ಷಮೆ ಕೇಳುತ್ತೇವೆ. ನಿಮ್ಮ ಕಂಪನಿಯಲ್ಲೂ ಅಲ್ಲಿ ಓದಿದ ದೊಡ್ಡವರು ಬಹಳ ಮಂದಿ ಇದ್ದಾರೆಂದು ಕೇಳಿದ್ದೇವೆ, ಅವರಿಗೆ ಮುಜುಗರವಾಗದಂತೆ ನಾವೇ ನೋಡಿಕೊಳ್ಳುತ್ತೇವೆ ಎಂದರು. ಆತ ಹೆದರಿಸಲಿಲ್ಲ. ಪಾಪ, ನಿಜವಾಗಿಯೂ ನೋಡಿಕೊಳ್ಳುವ ಮನುಷ್ಯನೇ.

ಭಾವನ ಕೈಯಲ್ಲಿ ಕಾಫಿ ಲೋಟ ನಿಂತಿತು. "ಯಾವ ಯೂನಿವರ್ಸಿಟಿ ಇದು?"

ಸೆಪ್ಟೆಂಬರಿನಿಂದ ಡಬ್ಬಾ ಎನ್ನುತ್ತಿದ್ದ ಮಹಾಪುರುಷರು ಹೆಸರನ್ನೇ ಕೇಳಿರಲಿಲ್ಲ. ಇಂದು ಹೇಳಿದಳು.

"ನಮ್ಮ ಡೈರೆಕ್ಟರ್ ಓದಿದ್ದು ಅಲ್ಲೇ," ಎಂದರು ಭಾವ, ತಮ್ಮಷ್ಟಕ್ಕೆ.

"ಹೇಳೋ ಹರಿ," ಎಂದರು ವಿಶಾಲಾಕ್ಷಮ್ಮ. "ಬಂದೋರ ಕಾಲು ಜೋಮು ಹಿಡೀತಿದೆ."

ಭಾವ ಮಗಳನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಲಿಲ್ಲ. ದೇವರ ಮುಂದಿದ್ದ ಲಕೋಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಕಳಿಸ್ತೀನಿ ಅಂತ ಹೇಳು."

ನಾನು ಅಷ್ಟನ್ನೇ ಹೇಳಿದೆ. ಇಂದು ಹಣೆಯನ್ನು ಚಾಪೆಗೆ ಹಚ್ಚಿದವಳು ಬೇಗ ಏಳಲಿಲ್ಲ. ಅಕ್ಕ ಒಲೆಯ ಕಡೆ ತಿರುಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ, ಸೌಟು ಆಡಿಸಿದಳು. ಮಾರನೆಯ ದಿನ ಅವಳು ಕಾರ್ಖಾನೆಗೆ ಒಂದು ಡಬ್ಬಿ ಚಕ್ಕುಲಿ ಒಯ್ದಳು, ರೋಸಾಗೆಂದು.

ಇಲ್ಲಿಗೆ ಭಾವ ಮನುಷ್ಯರಾದರು ಎಂದು ಯಾರಾದರೂ ತಿಳಿದರೆ ಅವರಿಗೆ ಭಾವನ ಪರಿಚಯವಿಲ್ಲ. ಮೇಷ್ಟ್ರುಗಳ ನೆರಳು ಮೆಟ್ಟಿಲು ಇಳಿಯುವ ಮೊದಲೇ ಅವರು ಫೋನ್ ಹಿಡಿದಿದ್ದರು.

"ಜಯಪ್ರಕಾಶ, ಅಮೆರಿಕ ಬೇಡ ಅಂದ್ಬಿಟ್ಟೆ ಕಣಯ್ಯ. ಅಲ್ಲಿಗೆ ಈಗ ಎಲ್ಲರೂ ಹೋಗ್ತಾರೆ. ಇಲ್ಲಿ ನಮ್ಮ ಡೈರೆಕ್ಟರ್ ಓದಿದ ಯೂನಿವರ್ಸಿಟಿ ಇದೆ ನೋಡು, ಇಡೀ ಸ್ಕೂಲಿಗೆ ಒಂದೇ ಸೀಟು. ಇಬ್ಬರು ಮೇಷ್ಟ್ರು ಮನೆಗೇ ಬಂದು, ನಿಮ್ಮ ಮಗಳನ್ನ ಕಳಿಸಿಕೊಡಿ ಸಾರ್ ಅಂತ ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡ್ರು. ಪಾಪ ಅನ್ನಿಸ್ತು. ಮಾತು ಕೊಟ್ಟೆ. ನಾನು ಮಾತು ಕೊಟ್ರೆ ಮುಗೀತು, ನಿನಗೆ ಗೊತ್ತಲ್ಲ."

ಇಂದು ಕಾಫಿ ಲೋಟ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮತ್ತೆ ನಲ್ಲಿ ತಿರುಗಿಸಿದಳು.

ಜನವರಿಯ ಎರಡನೆಯ ವಾರ, ನಾನು ಜಪಾನನ್ನು ಉಳಿಸಿ ಸುಸ್ತಾಗಿ ಮನೆಯಲ್ಲಿದ್ದೆ. ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ನಾನೂ ಇಂದುವೂ ತಿನ್ನುತ್ತಿದ್ದೆವು. ಬೆಲ್ಲು ಹೊಡೆಯಿತು. ಭಾವ ಬಾಗಿಲು ತೆಗೆದರು. ಪತ್ರಿಕೆ ಮಾರುವವನು, ಒಂದು ಕಂಕುಳಲ್ಲಿ ಬಟ್ಟೆ ಸೋಪಿನ ಪುಡಿಯ ಡಬ್ಬಿಗಳು, ಇನ್ನೊಂದು ಕೈಯಲ್ಲಿ ಚಂದಾ ಬರೆಸುವ ಕಾಗದ. ಹಲ್ಲು ಕಿರಿದು ರೈಲಿನಂತೆ ಮಾತು ಬಿಟ್ಟ.

"ಇಂದೂ, ಏನಂತಾನೆ ಕೇಳಮ್ಮ."

ಇಂದು ರೊಟ್ಟಿಗೆ ಬೆಣ್ಣೆ ಸವರಿದಳು. "ನೀವೇ ಮಾತಾಡಿ ಅಪ್ಪ."

"ನನಗೆಲ್ಲಿ ಬರುತ್ತೆ?"

"ನನಗೆ ಬರಲ್ಲ ಇನ್ಮೇಲೆ. ನಿಮ್ಮ ಮಾತು ನೀವೇ ಕೊಡಿ."

ಭಾವ ನನ್ನ ಕಡೆ ನೋಡಿದರು. ಇಂದುವೂ ನೋಡಿದಳು. ನಾನು ಅರ್ಧ ರೊಟ್ಟಿಯನ್ನು ಒಟ್ಟಿಗೆ ಬಾಯಿಗೆ ತುರುಕಿಕೊಂಡೆ. ಅಕ್ಕ ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕಿದಳು, ತಿರುಗಿ ನೋಡಲಿಲ್ಲ. ವಿಶಾಲಾಕ್ಷಮ್ಮ, "ಸೋಪು ಪುಕ್ಕಟೆ ಕೊಡ್ತಾನೇನೋ ಕೇಳೋ," ಎಂದರು.

ಭಾವ ಬಾಗಿಲಲ್ಲಿ ನಿಂತು ಬಾಗಿದರು. ಅವನೂ ಬಾಗಿದ. ಸುಮಿಮಾಸೆನ್ ಎಂದರು, ಅರಿಗಾತೋ ಎಂದರು, ಬಂಡವಾಳ ಮುಗಿಯಿತು. ಅವನು ಕಾಗದ ಚಾಚಿದ, ಇವರು ಸಹಿ ಹಾಕಿದರು. ಸೋಪಿನ ಡಬ್ಬಿಗಳನ್ನು ಎದೆಗವಚಿಕೊಂಡು, ಗೆದ್ದವರ ಹಾಗೆ ಒಳಗೆ ಬಂದರು.

ಮಾರನೆಯ ಬೆಳಗ್ಗೆಯಿಂದ ಬಾಗಿಲಿಗೆ ದಪ್ಪ ಜಪಾನೀ ಪತ್ರಿಕೆ ಬೀಳತೊಡಗಿತು, ಸಂಜೆಗೆ ಇನ್ನೊಂದು. ಭಾನುವಾರದ ಹೊತ್ತಿಗೆ ಅದರ ರಾಶಿ ನನ್ನ ಅಕ್ಕಿ ಮೂಟೆಯ ಎತ್ತರಕ್ಕೆ ಬಂದಿತ್ತು. ಅದನ್ನು ನಿಲ್ಲಿಸಬೇಕಾದರೆ ಯಾರಿಗೆ, ಹೇಗೆ ಹೇಳಬೇಕು ಎಂಬುದೆಲ್ಲ ಮೊದಲ ಪುಟದ ಮೂಲೆಯಲ್ಲಿ, ಒಳ್ಳೆಯ ಜಪಾನೀಸಿನಲ್ಲಿ, ದಿನವೂ ಅಚ್ಚಾಗಿ ಬರುತ್ತಿತ್ತು.